ರೈಫಲ್ ಸ್ಕೋಪ್

ಬಂದೂಕಿನ ಮೇಲೆ ಕೂರಿಸುವ ಗುರಿದರ್ಶಕ ದುರ್ಬೀನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಹಾಗಾಗಿ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಕೊಡಗಿನಲ್ಲೂ ಇಂದು ಸ್ಕೋಪ್ ಆಯ್ಕೆಯ ಪ್ರಶ್ನೆ ಏಳಬೇಕಾದದ್ದು ಗುರಿ ಅಭ್ಯಾಸಕ್ಕಾಗಿ ಮಾತ್ರ.

4×32 ಎಂದರೆ ನಾಲ್ಕು ಪಟ್ಟು ಹಿಗ್ಗಿಸುವ, ಮುಂಗಾಜು 32 ಮಿ.ಮೀ. ವ್ಯಾಸವಿರುವ ಸ್ಕೋಪ್. ವ್ಯಾಸವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. ಇಲ್ಲಿ ಅದು 8 ಮಿ.ಮೀ. ಕತ್ತಲಲ್ಲಿ ಅರಳಿದ ಪಾಪೆಯೂ ಸುಮಾರು 7 ಮಿ.ಮೀ. ಮಾತ್ರ ಇರುವುದರಿಂದ ಇಷ್ಟು ಧಾರಾಳವಾಗಿ ಸಾಕು. ಅದೇ ಮುಂಗಾಜಿಗೆ 16 ಪಟ್ಟಾದರೆ ವೃತ್ತ 2 ಮಿ.ಮೀ.ಗೆ ಕುಗ್ಗಿ, ಸಂಜೆಯ ಹೊತ್ತಿಗೆ ದೃಶ್ಯ ಮಂಕಾಗುತ್ತದೆ. ಕೈನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ಹೊಸಬರು ಹೆಚ್ಚಿನ ಪಟ್ಟಿಗೆ ಆಸೆಪಡದಿರುವುದೇ ಲೇಸು.

ಸ್ಪ್ರಿಂಗ್ ಏರ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಸಾಮಾನ್ಯ ಸ್ಕೋಪಿನ ಒಳಭಾಗಗಳು ಸಡಿಲಗೊಳ್ಳಬಹುದು. ಅದಕ್ಕೆಂದೇ ತಯಾರಾದದ್ದನ್ನೇ ಕೊಳ್ಳಬೇಕು. 10 ಮೀಟರಿನಲ್ಲಿ ಅಭ್ಯಾಸ ಮಾಡುವವರಿಗೆ ಆ ದೂರಕ್ಕೆ ಹೊಂದಿಸಬಲ್ಲ ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಯೂ ಸರಿದಂತೆ ಕಾಣುವ ದೋಷ) ತಿರುಗಣೆಯೂ ಅಗತ್ಯ.

ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವಿಲ್ಲ. ಕೇವಲ 0.5 ಮಿ.ಮೀ.ನ ನಡುಚುಕ್ಕಿಗೆ ಸಣ್ಣ ರಂಧ್ರದ ಗುರಿಯಿಂದಲೇ ಹೊಡೆಯಬೇಕು.