ನಿವೃತ್ತಿಯಾದ ಯುದ್ಧವಿಮಾನ ಎಲ್ಲಿಗೆ ಹೋಗುತ್ತೆ? ತೂಕಕ್ಕೆ ಹಾಕೋದು ಕೊನೆಯ ದಾರಿ, ಅದಕ್ಕೂ ಮುಂಚೆ ನಡೆಯೋದು ಇಷ್ಟು

ಹಳೇ ಲಾರಿಯನ್ನು ಇಡಿಯಾಗಿ ತೂಕಕ್ಕೆ ಹಾಕಿದರೆ ಸಿಗುವ ದುಡ್ಡು ಕಡಿಮೆ, ಬಿಚ್ಚಿ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಬೇರೆ ಬೇರೆ ಮಾರಿದರೆ ಜಾಸ್ತಿ. ಗ್ಯಾರೇಜ್ ಮತ್ತು ಗುಜರಿ ಅಂಗಡಿಯವರಿಗೆಲ್ಲ ಗೊತ್ತಿರುವ ಲೆಕ್ಕ ಇದು. ಯುದ್ಧವಿಮಾನಕ್ಕೂ ಇದೇ ಲೆಕ್ಕ. ಆದರೆ ಒಂದು ವ್ಯತ್ಯಾಸ ಇದೆ. ಲಾರಿಯ ಪಾರ್ಟ್ ಇವತ್ತು ಸಿಗದಿದ್ದರೆ ನಾಳೆ ಸಿಗುತ್ತೆ. ತಯಾರಿಕೆಯೇ ನಿಂತುಹೋದ ವಿಮಾನದ ಪಾರ್ಟ್ ಸಿಗದಿದ್ದರೆ, ಚೆನ್ನಾಗಿರುವ ವಿಮಾನವೂ ನೆಲ ಬಿಟ್ಟು ಏಳುವುದಿಲ್ಲ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಕ್ಕೆ ವಾಯುಪಡೆ ವಿದಾಯ ಹೇಳಿತು. ಆರು ದಶಕ ಹಾರಿದ ವಿಮಾನ ಅದು. ಹೀಗೆ ಸೇವೆ ಮುಗಿಸಿದ ವಿಮಾನಗಳ ಮುಂದಿನ ಗತಿ ಏನು ಎಂಬುದರ ವಿವರ ಇಲ್ಲಿದೆ.

ಮರುಭೂಮಿಯಲ್ಲಿ ದೊಡ್ಡ ದಾಸ್ತಾನು

ಜಗತ್ತಿನಲ್ಲೇ ದೊಡ್ಡದು ಎನ್ನುವ ವಿಮಾನ ದಾಸ್ತಾನು ಇರುವುದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದ ಡೇವಿಸ್-ಮಾಂಥನ್ ವಾಯುನೆಲೆಯಲ್ಲಿ. 1946ರಲ್ಲಿ ಶುರುವಾದದ್ದು, ಸುಮಾರು 2,600 ಎಕರೆ ಜಾಗ. ಸಾವಿರಾರು ವಿಮಾನಗಳು ಬಯಲಲ್ಲೇ ಸಾಲಾಗಿ ನಿಂತಿವೆ.

ಅಲ್ಲೇ ಯಾಕೆ? ಕಾರಣ ಎರಡು. ಮಳೆ ಕಡಿಮೆ, ಗಾಳಿ ಒಣ. ಹಾಗಾಗಿ ತುಕ್ಕು ಹಿಡಿಯುವುದು ನಿಧಾನ. ನೆಲ ಗಟ್ಟಿ, ಭಾರೀ ವಿಮಾನ ನಿಲ್ಲಿಸಿದರೂ ಚಕ್ರ ಹೂತುಹೋಗುವುದಿಲ್ಲ, ಕಾಂಕ್ರೀಟ್ ಹಾಕುವ ಖರ್ಚೂ ಇಲ್ಲ. ನಮ್ಮ ಕರಾವಳಿಯಲ್ಲೋ ಮಲೆನಾಡಲ್ಲೋ ಹೀಗೆ ಬಯಲಿಗೆ ಬಿಟ್ಟರೆ ಒಂದೆರಡು ಮಳೆಗಾಲಕ್ಕೇ ಲೋಹ ಹಾಳಾಗಲು ಶುರುವಾಗುತ್ತೆ.

ವಿಮಾನ ಬಂದ ಕೂಡಲೇ ಮೊದಲು ಆಯುಧ ಹಾಗೂ ಪೈಲಟ್ ಸೀಟನ್ನು ಹೊರಕ್ಕೆ ಚಿಮ್ಮಿಸುವ ಸ್ಫೋಟಕಗಳನ್ನು ತೆಗೆಯುತ್ತಾರೆ. ಇಂಧನ ಖಾಲಿ ಮಾಡಿ, ಪೈಪುಗಳಲ್ಲಿ ತೆಳು ಎಣ್ಣೆ ಹರಿಸಿ ಬಸಿಯುತ್ತಾರೆ. ಒಳಗೆ ಉಳಿಯುವ ಎಣ್ಣೆಯ ಪದರವೇ ರಕ್ಷಣೆ. ಆಮೇಲೆ ಸಂದುಗೊಂದುಗಳನ್ನು ಮುಚ್ಚಿ, ಬೇಕಾದಾಗ ಸುಲಿದು ತೆಗೆಯಬಹುದಾದ ಬಿಳಿ ಲೇಪನ ಬಳಿಯುತ್ತಾರೆ. ಬಿಸಿಲು ಅದರ ಮೇಲೆ ಬಿದ್ದು ವಾಪಸಾಗುವುದರಿಂದ ಒಳಗೆ ಕಾವು ಏರುವುದಿಲ್ಲ.

ಅಲ್ಲಿಂದ ಮುಂದೆ ದಾರಿ ಬೇರೆ ಬೇರೆ. ಕೆಲವು ಮತ್ತೆ ಹಾರಲು ಕಾಯುತ್ತವೆ, ಕೆಲವು ಬಿಡಿಭಾಗಕ್ಕೆ, ಉಳಿದವು ಕರಗಿಸಲು. ವರ್ಷಗಟ್ಟಲೆ ನಿಂತಿದ್ದ ಒಂದು ಬಿ-52 ಬಾಂಬರ್ ವಿಮಾನ 2015ರಲ್ಲಿ ಮತ್ತೆ ಹಾರಿ ಸೇವೆಗೆ ಮರಳಿತು. ಎಫ್-14ರದ್ದು ಇದಕ್ಕೆ ಉಲ್ಟಾ ಕತೆ. ಅಮೆರಿಕದ ನೌಕಾಪಡೆ 2006ರಲ್ಲಿ ಅದನ್ನು ಕೈಬಿಟ್ಟಿತು. ಇರಾನ್ ಬಳಿಯೂ ಅದೇ ವಿಮಾನ ಇತ್ತು. ಪಾರ್ಟ್ಸ್ ಅವರ ಕೈಗೆ ಸೇರಬಾರದು ಅಂತ 2007ರಿಂದ ದಾಸ್ತಾನಿನಲ್ಲಿದ್ದವನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿದರು. ಹಳೇ ಪಾರ್ಟ್ಸ್‌ಗೆ ಎಷ್ಟು ಬೆಲೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾನ್ಪುರದ ಗುಜರಿ, ಬೆಂಗಳೂರಿನ ಕೈಚಳಕ

ಈ ವಿಷಯದಲ್ಲಿ ಕರ್ನಾಟಕದ್ದೇ ಒಂದು ದೊಡ್ಡ ಕತೆ ಇದೆ. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷರ ಬಳಿ ಇದ್ದ ಅಮೆರಿಕದ ಲಿಬರೇಟರ್ ಬಾಂಬರ್‌ಗಳು ಕಾನ್ಪುರದಲ್ಲಿ ನಿಂತಿದ್ದವು. ಒಪ್ಪಂದದ ಪ್ರಕಾರ ಅವನ್ನು ವಾಪಸ್ ಕೊಡಬೇಕು, ಇಲ್ಲವೇ ನಾಶ ಮಾಡಬೇಕು. ಯಾರೂ ಮತ್ತೆ ಹಾರಿಸದಂತೆ ಒಡಲಿಗೆ ತೂತು ಹೊಡೆದರು, ಮೀಟರುಗಳನ್ನು ಒಡೆದರು, ಎಂಜಿನ್ನಿಗೆ ಮರಳು ಸುರಿದು ಬಿಟ್ಟುಹೋದರು.

ಸ್ವಾತಂತ್ರ್ಯದ ನಂತರ ವಾಯುಪಡೆಗೆ ಭಾರೀ ಬಾಂಬರ್‌ಗಳು ಬೇಕಿದ್ದವು. ಆ ಗುಜರಿಯನ್ನು ನೋಡಿ ‘ರಿಪೇರಿ ಆಗುತ್ತೆ’ ಅಂದವರು ಬೆಂಗಳೂರಿನ ಎಚ್‌ಎಎಲ್ ಮಂದಿ. ಅದಕ್ಕೆ ಆಧಾರವೂ ಇತ್ತು. 1940ರಲ್ಲಿ ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ ವಾಲ್‌ಚಂದ್ ಹೀರಾಚಂದ್ ಕಟ್ಟಿದ ಈ ಕಾರ್ಖಾನೆಯಲ್ಲಿ ಯುದ್ಧದ ಕಾಲಕ್ಕೆ ಅಮೆರಿಕದ ವಿಮಾನಗಳ ರಿಪೇರಿಯೇ ದೊಡ್ಡ ಕೆಲಸವಾಗಿತ್ತು. ಕೆಲಸಗಾರರ ಕೈಗೆ ಆ ಯಂತ್ರಗಳ ಪರಿಚಯ ಚೆನ್ನಾಗಿತ್ತು.

ಕಾನ್ಪುರದಲ್ಲಿ ಒಂದರ ಪಾರ್ಟ್ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಟ್ಟಿಗೆ ರಿಪೇರಿ ಮಾಡಿದರು. ಎಚ್‌ಎಎಲ್ ಪೈಲಟ್ ಜಮ್‌ಶೆಡ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಪೂರ್ತಿ ದುರಸ್ತಿ ಇಲ್ಲಿ ನಡೆಯಿತು. ಹೀಗೆ 40ಕ್ಕೂ ಹೆಚ್ಚು ವಿಮಾನಗಳಿಗೆ ಮರುಜೀವ ಬಂತು. 1948ರ ನವೆಂಬರ್‌ನಲ್ಲಿ ಇವನ್ನೇ ಇಟ್ಟುಕೊಂಡು ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಯಿತು. ಕೊನೆಯ ಲಿಬರೇಟರ್ ಸೇವೆ ಮುಗಿಸಿದ್ದು 1968ರಲ್ಲಿ. ಗುಜರಿ ಎಂದು ಬಿಟ್ಟುಹೋದದ್ದು ಇಪ್ಪತ್ತು ವರ್ಷ ದುಡಿಯಿತು.

ಅಷ್ಟರಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ಲಿಬರೇಟರ್‌ಗಳು ಬಹುತೇಕ ಕರಗಿಹೋಗಿದ್ದವು. ಮ್ಯೂಸಿಯಂಗಳು ಭಾರತದತ್ತ ತಿರುಗಿದವು. 1969ರಲ್ಲಿ ಒಂದು ಇಲ್ಲಿಂದ ಹಾರಿ ಟೂಸಾನ್ ತಲುಪಿತು. ಮೇಲೆ ಹೇಳಿದ ಆ ದೊಡ್ಡ ದಾಸ್ತಾನಿನ ಪಕ್ಕದ ಪಿಮಾ ಮ್ಯೂಸಿಯಂನಲ್ಲಿ ಅದು ಈಗಲೂ ಇದೆ. 1974ರಲ್ಲಿ ಇನ್ನೊಂದು ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂ ಸೇರಿತು. ಕೆನಡಾ ಒಂದನ್ನು ಪಡೆದು, ಬದಲಿಗೆ ಲೈಸಾಂಡರ್ ಎಂಬ ಹಳೇ ವಿಮಾನ ಕೊಟ್ಟಿತು.

ಈಗಲೂ ಅದೇ ಕೆಲಸ

ಜಾಗ್ವಾರ್ ಯುದ್ಧವಿಮಾನವನ್ನು ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ ಕೈಬಿಟ್ಟವು. ಈಗ ಹಾರಿಸುತ್ತಿರುವುದು ಭಾರತ ಮಾತ್ರ. ಹೊಸ ಪಾರ್ಟ್ಸ್ ಸಿಗುವುದು ಕಷ್ಟ. ಹೀಗಾಗಿ ಫ್ರಾನ್ಸ್, ಒಮಾನ್ ದೇಶಗಳಲ್ಲಿ ಮೂಲೆಗೆ ಬಿದ್ದಿದ್ದ ಜಾಗ್ವಾರ್‌ಗಳನ್ನು ಬಿಡಿಭಾಗಕ್ಕಾಗಿ ತರಿಸುವ ಏರ್ಪಾಡು 2018ರಲ್ಲಿ ನಡೆಯಿತು. ನಮ್ಮ ಪೈಲಟ್ ಕೂರುವ ವಿಮಾನ ಹಾರುವುದು ಬೇರೆ ದೇಶದವರು ಗುಜರಿ ಎಂದುಕೊಂಡ ವಿಮಾನದ ಪಾರ್ಟ್‌ನಿಂದ.

ಪಾರ್ಟ್ಸ್ ತೆಗೆದ ಮೇಲೆ

ಉಳಿದ ಒಡಲಿಗೆ ದಾರಿ ಎರಡೇ: ಪ್ರದರ್ಶನ ಅಥವಾ ಹರಾಜು. ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಯುದ್ಧನೌಕೆಯ ಪಕ್ಕ ನಿಂತಿರುವ ಟುಪೊಲೆವ್-142 ನೋಡಿದವರಿಗೆ ಇದು ಗೊತ್ತು. ನೌಕಾಪಡೆ ಅದನ್ನು 2017ರಲ್ಲಿ ನಿವೃತ್ತಿಗೊಳಿಸಿತು. ತಮಿಳುನಾಡಿನ ಅರಕ್ಕೋಣಂನಲ್ಲಿ ಬಿಚ್ಚಿ, ಭಾಗ ಭಾಗವಾಗಿ ಲಾರಿಯಲ್ಲಿ ತಂದು ಕಾರವಾರದಲ್ಲಿ ಜೋಡಿಸಿದ್ದಾರೆ. ಉಪ್ಪುಗಾಳಿಗೆ ನಿಂತ ಲೋಹವಾದ್ದರಿಂದ ಬಣ್ಣ ಮತ್ತು ನಿರ್ವಹಣೆ ತಪ್ಪಿದರೆ ಹೆಚ್ಚು ಕಾಲ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್ ಮ್ಯೂಸಿಯಂ ಇದೆ.

ಗುಜರಿ ವ್ಯಾಪಾರಿಗಳ ಗಮನಕ್ಕೆ

* ವಿಮಾನದ ಅಲ್ಯುಮಿನಿಯಂ ಶುದ್ಧ ಅಲ್ಯುಮಿನಿಯಂ ಅಲ್ಲ. ತಾಮ್ರ ಅಥವಾ ಸತು ಬೆರೆತಿರುತ್ತೆ. ಪಾತ್ರೆಯ ಲೋಹದ ಜೊತೆ ಸೇರಿಸಿ ಕರಗಿಸಬಾರದು.
* ಕೆಲವು ಭಾಗಗಳು ಮೆಗ್ನೀಸಿಯಂ. ಗ್ಯಾಸ್ ಕಟರ್ ಹಿಡಿದರೆ ಹೊತ್ತಿಕೊಳ್ಳಬಹುದು. ನೀರು ಹಾಕಿದರೆ ಬೆಂಕಿ ಇನ್ನೂ ಜೋರಾಗುತ್ತೆ.
* ಬಹಳ ಹಳೇ ಕಾಲದ ಮೀಟರ್ ಡಯಲ್‌ಗಳಲ್ಲಿ ಕತ್ತಲಲ್ಲಿ ಹೊಳೆಯಲು ರೇಡಿಯಂ ಬಣ್ಣ ಇರುತ್ತಿತ್ತು. ಅದು ವಿಕಿರಣ ಸೂಸುತ್ತೆ, ಒಡೆಯಬಾರದು.
* ಸೀಟಿನ ಭಾಗ, ಗುರುತು ಸಿಗದ ಸಿಲಿಂಡರ್ ಅಥವಾ ಕಾರ್ಟ್ರಿಜ್ ಬಂದರೆ ಬಿಚ್ಚಬೇಡಿ. ಪೊಲೀಸರಿಗೆ ತಿಳಿಸಿ.
* ಸೇನೆಯ ಗುಜರಿ ಮಾರಾಟ ಅಧಿಕೃತ ಹರಾಜಿನ ಮೂಲಕವೇ ನಡೆಯುತ್ತೆ. ಕಾಗದಪತ್ರ ಇಲ್ಲದೆ ‘ವಿಮಾನದ ಮಾಲು’ ಅಂತ ಯಾರಾದರೂ ತಂದರೆ, ರೇಟು ಎಷ್ಟೇ ಕಡಿಮೆ ಇದ್ದರೂ ಕೊಳ್ಳಬೇಡಿ.