ತುಟಿಗೂ ಬಂತು ಶರತ್ಕಾಲ

ಪ್ರತಿ ವರ್ಷ ಆಗಸ್ಟ್ ತಿಂಗಳು ಮುಗಿಯುತ್ತ ಬಂದಂತೆ ನ್ಯೂಯಾರ್ಕ್, ಪ್ಯಾರಿಸ್, ಲಂಡನ್ ನಗರಗಳ ದೊಡ್ಡ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಒಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ಬೇಸಿಗೆಯಿಡೀ ಮುಂದೆ ನಿಂತಿದ್ದ ತೆಳು ಗುಲಾಬಿ, ಹವಳದ ಬಣ್ಣದ ಲಿಪ್‌ಸ್ಟಿಕ್‌ಗಳು ಹಿಂದಕ್ಕೆ ಸರಿಯುತ್ತವೆ. ಅವುಗಳ ಜಾಗಕ್ಕೆ ದ್ರಾಕ್ಷಾರಸದ ಕೆಂಪು, ಇಟ್ಟಿಗೆ ಬಣ್ಣ, ಕಡು ನೇರಳೆ, ಕಂದು ಬಂದು ಕೂರುತ್ತವೆ. ಹೊರಗೆ ಮರದ ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ತುಟಿಗೆ ಮಾತ್ರ ಆಗಲೇ ಶರತ್ಕಾಲ!

ಎಲೆ ಬಣ್ಣ ಬದಲಿಸುವುದು ಪ್ರಕೃತಿಯ ನಿಯಮ. ತುಟಿ ಏಕೆ ಬದಲಿಸಬೇಕು? ಕಳೆದ ವರ್ಷ ಕೊಂಡ ಲಿಪ್‌ಸ್ಟಿಕ್ ಅರ್ಧವೂ ಖರ್ಚಾಗದೆ ಮೇಜಿನ ಮೇಲಿರುವಾಗ ಇನ್ನೊಂದು ಬೇಕು ಎಂದು ಅನ್ನಿಸುವುದಾದರೂ ಹೇಗೆ? ಇದಕ್ಕೆ ಉತ್ತರ ಸೌಂದರ್ಯಶಾಸ್ತ್ರದಲ್ಲಿ ಸಿಗುವುದಿಲ್ಲ, ವ್ಯಾಪಾರದ ಇತಿಹಾಸದಲ್ಲಿ ಸಿಗುತ್ತದೆ. ಅದರಲ್ಲೂ 1906ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇಬ್ಬರ ಕಥೆಯಲ್ಲಿ ಸಿಗುತ್ತದೆ. ಒಬ್ಬಾಕೆ ಬಣ್ಣ ಬೇಗ ಅಳಿಸದಂತೆ ಮಾಡಿದ ರಸಾಯನಶಾಸ್ತ್ರಜ್ಞೆ. ಇನ್ನೊಬ್ಬ, ಬಣ್ಣ ಬೇಗ ಹಳತಾಗುವಂತೆ ಮಾಡಿದ ವ್ಯಾಪಾರಿ.

ಮೊದಲು ಉಡುಪು, ಆಮೇಲೆ ಮುಖ

ಋತುವಿಗೊಂದು ಫ್ಯಾಷನ್ ಎಂಬ ಪದ್ಧತಿ ಶುರುವಾದದ್ದು ಉಡುಪಿನಿಂದ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್‌ನಲ್ಲಿ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷ್ ದರ್ಜಿ ತನ್ನ ಹೊಸ ಉಡುಪುಗಳನ್ನು ಯುವತಿಯರಿಗೆ ತೊಡಿಸಿ ಗಿರಾಕಿಗಳ ಮುಂದೆ ನಡೆಸುತ್ತಿದ್ದ. ಅವನ ನಂತರ ಬಂದ ವಸ್ತ್ರ ವಿನ್ಯಾಸಕಾರರು ವಸಂತ-ಬೇಸಿಗೆಗೆ ಒಂದು, ಶರತ್ಕಾಲ-ಚಳಿಗಾಲಕ್ಕೆ ಒಂದು ಎಂದು ವರ್ಷಕ್ಕೆರಡು ಸಂಗ್ರಹಗಳ ಕ್ರಮವನ್ನು ಗಟ್ಟಿ ಮಾಡಿದರು. ಇದಕ್ಕೆ ಅರ್ಥವಿತ್ತು. ಚಳಿ ಬಂದರೆ ಹತ್ತಿ ಬಟ್ಟೆ ಸಾಲದು, ಉಣ್ಣೆ ಬೇಕು, ಮಖಮಲ್ಲು ಬೇಕು. ದಪ್ಪ ಬಟ್ಟೆಗೆ ಕಡು ಬಣ್ಣ ಒಪ್ಪುತ್ತದೆ. ರಜೆ ಮುಗಿಸಿ ಊರಿಗೆ ಮರಳಿದ ಶ್ರೀಮಂತರ ಸಂಗೀತ, ನಾಟಕ, ಔತಣಗಳ ಕಾಲವೂ ಅದೇ.

ಮುಖದ ಬಣ್ಣಕ್ಕೆ ಅಂಥ ಋತುಮಾನವಿರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ತುಟಿಗೆ ಬಣ್ಣ ಹಚ್ಚುವುದು ನಟಿಯರ ಕೆಲಸ, ಮರ್ಯಾದಸ್ಥ ಮನೆಯ ಹೆಂಗಸರದಲ್ಲ ಎಂಬ ನಂಬಿಕೆ ಯುರೋಪು, ಅಮೆರಿಕಗಳಲ್ಲಿ ಬಲವಾಗಿತ್ತು. 1910ರಲ್ಲಿ ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂನಲ್ಲಿ ಕೆಂಪು ಬಾಗಿಲಿನ ಸಲೂನ್ ತೆರೆದ ಎಲಿಜಬೆತ್ ಆರ್ಡೆನ್ ಆಗಲಿ, ಮೆಲ್ಬರ್ನ್, ಲಂಡನ್, ಪ್ಯಾರಿಸ್ ದಾಟಿ 1915ರಲ್ಲಿ ಅದೇ ನಗರಕ್ಕೆ ಬಂದ ಹೆಲೆನಾ ರೂಬಿನ್‌ಸ್ಟೈನ್ ಆಗಲಿ, ಹೆಸರು ಮಾಡಿದ್ದು ಮುಖ್ಯವಾಗಿ ಚರ್ಮಕ್ಕೆ ಹಚ್ಚುವ ಕ್ರೀಮುಗಳಿಂದ. ಎರಡನೆಯ ದಶಕದ ಹೊತ್ತಿಗೆ ಲೋಹದ ಕೊಳವೆಯಲ್ಲಿ ಲಿಪ್‌ಸ್ಟಿಕ್ ಬಂತು. 1923ರಲ್ಲಿ ಬುಡ ತಿರುಗಿಸಿದರೆ ಮೇಲೇಳುವ ಕೊಳವೆಗೆ ಪೇಟೆಂಟ್ ಸಿಕ್ಕಿತು. ಲಿಪ್‌ಸ್ಟಿಕ್ ಕೈಚೀಲ ಸೇರಿತು. ಆದರೂ ಬಣ್ಣಗಳು ಕೆಲವೇ ಕೆಲವು. ತನಗೊಪ್ಪುವ ಒಂದನ್ನು ಹುಡುಕಿಕೊಂಡ ಹೆಂಗಸು ಅದು ಮುಗಿದ ಮೇಲೆ ಮತ್ತೆ ಅದನ್ನೇ ಕೊಳ್ಳುತ್ತಿದ್ದಳು.

ಮುನ್ನೂರು ಡಾಲರಿನ ಬಂಡವಾಳ

ಈ ಲೆಕ್ಕವನ್ನು ತಲೆಕೆಳಗು ಮಾಡಿದವನು ಚಾರ್ಲ್ಸ್ ರೆವ್‌ಸನ್. 1932ರ ಮಾರ್ಚ್ ತಿಂಗಳು. ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ತಾರಕಕ್ಕೇರುತ್ತಿದ್ದ ಕಾಲ. ದುಡಿಯುವವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲದ ಸ್ಥಿತಿ ಸನಿಹದಲ್ಲಿತ್ತು. ಅಂಥ ಹೊತ್ತಿನಲ್ಲಿ ಅಣ್ಣ ಜೋಸೆಫ್ ಮತ್ತು ಚಾರ್ಲ್ಸ್ ಲಾಕ್‌ಮನ್ ಎಂಬ ರಸಾಯನತಜ್ಞನ ಜತೆ ಸೇರಿ 300 ಡಾಲರ್ ಬಂಡವಾಳದಲ್ಲಿ ರೆವ್‌ಸನ್ ಉಗುರು ಬಣ್ಣದ ವ್ಯಾಪಾರ ಆರಂಭಿಸಿದ. ರೆವ್‌ಸನ್ ಹೆಸರಿನ ನಡುವೆ ಲಾಕ್‌ಮನ್‌ನ 'ಲ'ಕಾರ ಸೇರಿ ಕಂಪನಿ 'ರೆವ್ಲಾನ್' ಆಯಿತು.

ಆಗಿನ ಉಗುರು ಬಣ್ಣ ಪಾರದರ್ಶಕ. ರೆವ್ಲಾನ್‌ನದು ದಟ್ಟವಾದದ್ದು, ಉಗುರನ್ನು ಪೂರ್ತಿ ಮುಚ್ಚುವಂಥದ್ದು. ಹಾಗಾಗಿ ಬಗೆಬಗೆಯ ಬಣ್ಣಗಳು ಸಾಧ್ಯವಾದವು. ಅವನ್ನು ಬ್ಯೂಟಿ ಪಾರ್ಲರ್‌ಗಳಲ್ಲಿ ಮಾರುತ್ತ ಓಡಾಡುವಾಗ ರೆವ್‌ಸನ್ ಒಂದು ಸಂಗತಿ ಗಮನಿಸಿದ. ಹೊಸ ಕೋಟು ಕೊಳ್ಳಲಾಗದ ಹೆಂಗಸೂ ಹೊಸ ಬಣ್ಣದ ಒಂದು ಸೀಸೆ ಕೊಳ್ಳಬಲ್ಲಳು. ಹಳೆಯ ಕೋಟಿನ ಜತೆಗೆ ಹೊಸ ಬಣ್ಣ ಸೇರಿದರೆ ತಾನೂ ಕಾಲದ ಜತೆ ಹೆಜ್ಜೆ ಹಾಕುತ್ತಿದ್ದೇನೆ ಎಂಬ ಸಮಾಧಾನ ಅವಳಿಗೆ. ಆ ಸಮಾಧಾನಕ್ಕೆ ಬೆಲೆಯಿದೆ ಎಂಬುದು ಅವನಿಗೆ ಹೊಳೆಯಿತು.

1940ರ ಹೊತ್ತಿಗೆ ರೆವ್ಲಾನ್ ಲಿಪ್‌ಸ್ಟಿಕ್ ಕೂಡ ತಂದಿತು. ತುಟಿಗೂ ಬೆರಳ ತುದಿಗೂ ಒಂದೇ ಬಣ್ಣವಿರಬೇಕು ಎಂದು ಸಾರಿತು. ಒಂದನ್ನು ಕೊಂಡವಳು ಎರಡನ್ನೂ ಕೊಳ್ಳಬೇಕಾಯಿತು! ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ವಸಂತಕ್ಕೊಂದು, ಶರತ್ಕಾಲಕ್ಕೊಂದು ಹೊಸ ಬಣ್ಣವನ್ನು ಸಿನಿಮಾ ಬಿಡುಗಡೆಯಂತೆ ಅದ್ಧೂರಿಯಾಗಿ ಹೊರತರುವ ಕ್ರಮ ಬೇರೂರಿತು. ಬಣ್ಣಗಳಿಗೆ 'ಕೆಂಪು', 'ಕಡುಗೆಂಪು' ಎಂಬ ಸಪ್ಪೆ ಹೆಸರುಗಳಿರಲಿಲ್ಲ. 1945ರ ಒಂದು ಬಣ್ಣದ ಹೆಸರು 'ಫೇಟಲ್ ಆ್ಯಪಲ್', ಅಂದರೆ ಮಾರಕ ಸೇಬು. ಬೈಬಲ್ಲಿನ ಈವ್ ತಿಂದ ಹಣ್ಣನ್ನು ನೆನಪಿಸುವ ಹೆಸರು.

ಈ ಉಪಾಯ ಎಷ್ಟು ಅಗ್ಗದ್ದು ಎಂಬುದು ಲಿಪ್‌ಸ್ಟಿಕ್ ತಯಾರಿಕೆ ತಿಳಿದರೆ ಅರ್ಥವಾಗುತ್ತದೆ. ಲಿಪ್‌ಸ್ಟಿಕ್ ಎಂದರೆ ಮುಖ್ಯವಾಗಿ ಮೇಣ, ಎಣ್ಣೆ ಮತ್ತು ಬಣ್ಣ. ಗಟ್ಟಿಯಾಗಿ ನಿಲ್ಲಿಸುವುದಕ್ಕೆ ಜೇನುಮೇಣ ಮತ್ತು ಕೆಲವು ಗಿಡಗಳ ಮೇಣ. ಜಾರಿಕೆಗೆ, ಹೊಳಪಿಗೆ ಬಹುಕಾಲದಿಂದ ಬಳಸುತ್ತ ಬಂದಿರುವುದು ನಮ್ಮ ಮನೆಗಳಲ್ಲಿ ದೀಪ ಹಚ್ಚಿ ಕಾಡಿಗೆ ಹಿಡಿಯಲು ಬಳಸುತ್ತಿದ್ದ ಅದೇ ಹರಳೆಣ್ಣೆ. ಕಂದು, ಇಟ್ಟಿಗೆ ಬಣ್ಣಗಳಿಗೆ ಬೇಕಾದದ್ದು ಕೆಮ್ಮಣ್ಣಿಗೆ ಕೆಂಪು ಕೊಡುವ ಅದೇ ಕಬ್ಬಿಣದ ಆಕ್ಸೈಡ್. ಹೊಸ ಉಡುಪಿಗೆ ಹೊಸ ಬಟ್ಟೆ, ಹೊಸ ಅಳತೆ, ಹೊಸ ಹೊಲಿಗೆ ಬೇಕು. ಹೊಸ ಲಿಪ್‌ಸ್ಟಿಕ್‌ಗೆ ಮೇಣ, ಎಣ್ಣೆ ಹಳೆಯದೇ ಸಾಕು. ಬಣ್ಣದ ಪುಡಿಯನ್ನು ಒಂದಿಷ್ಟು ಹೆಚ್ಚುಕಡಿಮೆ ಮಾಡಿ ಹೊಸ ಹೆಸರಿಟ್ಟರೆ ಹೊಸ ಋತುವಿನ ಸರಕು ಸಿದ್ಧ.

ಅಡುಗೆಮನೆಯಲ್ಲಿ ಹುಟ್ಟಿದ ಸವಾಲು

ಇದೇ ವೇಳೆಗೆ ಹೇಜಲ್ ಬಿಷಪ್ ಬೇರೊಂದು ಪ್ರಶ್ನೆಯ ಬೆನ್ನುಹತ್ತಿದ್ದರು. ವೈದ್ಯೆಯಾಗುವ ಆಸೆ ಅವರಿಗಿತ್ತು. 1929ರಲ್ಲಿ ಪದವಿ ಪಡೆದ ವರ್ಷವೇ ಶೇರುಪೇಟೆ ಕುಸಿದು ಆ ಆಸೆ ಕೈಗೂಡಲಿಲ್ಲ. ಚರ್ಮರೋಗ ತಜ್ಞರೊಬ್ಬರ ಪ್ರಯೋಗಾಲಯದಲ್ಲಿ, ಯುದ್ಧಕಾಲದಲ್ಲಿ ವಿಮಾನದ ಇಂಧನದ ಮೇಲೆ ಸಂಶೋಧನೆ ನಡೆಸುವ ತೈಲ ಕಂಪನಿಯಲ್ಲಿ ದುಡಿದರು. ರಾತ್ರಿ ಮನೆಗೆ ಬಂದು ಅಡುಗೆಮನೆಯಲ್ಲೇ ಮೇಣ, ಎಣ್ಣೆ ಕಾಯಿಸಿ ಪ್ರಯೋಗ ಮಾಡುತ್ತಿದ್ದರು. ಅವರ ಪ್ರಶ್ನೆ ಸರಳವಾಗಿತ್ತು. ಲಿಪ್‌ಸ್ಟಿಕ್ ಕಾಫಿ ಕಪ್ಪಿಗೆ, ಕರವಸ್ತ್ರಕ್ಕೆ, ಹಲ್ಲಿಗೆ ಮೆತ್ತಿಕೊಳ್ಳದೆ ತುಟಿಯ ಮೇಲೇ ಉಳಿಯಬಾರದೇಕೆ? ಕಚೇರಿಯಲ್ಲಿ ದಿನವಿಡೀ ಕೆಲಸ ಮಾಡುವ ಹೆಂಗಸು ಗಂಟೆಗೊಮ್ಮೆ ಕನ್ನಡಿ ಹುಡುಕಬೇಕೇಕೆ?

ನೂರಾರು ಪ್ರಯೋಗಗಳ ನಂತರ ತುಟಿಗೆ ಅಂಟಿ ನಿಲ್ಲುವ ಬಣ್ಣ ಸಿದ್ಧವಾಯಿತು. 1950ರಲ್ಲಿ ನ್ಯೂಯಾರ್ಕ್‌ನ ಲಾರ್ಡ್ ಅಂಡ್ ಟೇಲರ್ ಮಳಿಗೆಯಲ್ಲಿ ಒಂದು ಡಾಲರಿಗೊಂದರಂತೆ ಮಾರಾಟಕ್ಕಿಟ್ಟಾಗ ಮೊದಲ ದಿನವೇ ದಾಸ್ತಾನು ಖಾಲಿ! ಕೆಲವೇ ವರ್ಷಗಳಲ್ಲಿ ಕಂಪನಿ ರೆವ್ಲಾನ್‌ಗೆ ನೇರ ಎದುರಾಳಿಯಾಯಿತು.

ಬೆಂಕಿ ಮತ್ತು ಮಂಜು

ರೆವ್ಲಾನ್‌ನ ಅತಿ ಪ್ರಸಿದ್ಧ ಜಾಹೀರಾತು ಹೊರಬಿದ್ದದ್ದು ಈ ಪೈಪೋಟಿಯ ನಡುವೆ, 1952ರ ಶರತ್ಕಾಲದಲ್ಲಿ. ಬಣ್ಣದ ಹೆಸರು 'ಫೈರ್ ಅಂಡ್ ಐಸ್', ಬೆಂಕಿ ಮತ್ತು ಮಂಜು. ಪತ್ರಿಕೆಗಳಲ್ಲಿ ಎದುರುಬದುರು ಎರಡು ಪುಟ. ಒಂದರಲ್ಲಿ ರಿಚರ್ಡ್ ಅವೆಡನ್ ತೆಗೆದ ಚಿತ್ರ: ಬೆಳ್ಳಿಯಂತೆ ಹೊಳೆಯುವ ಮೈಗಂಟಿದ ಉಡುಪು, ಅದರ ಮೇಲೆ ಕಡುಗೆಂಪು ನಿಲುವಂಗಿ ತೊಟ್ಟ ರೂಪದರ್ಶಿ ಡೋರಿಯನ್ ಲೀ. ಇನ್ನೊಂದರಲ್ಲಿ ಕೇ ಡೇಲಿ ಎಂಬ ಲೇಖಕಿ ಬರೆದ 15 ಪ್ರಶ್ನೆಗಳು. ಲಿಪ್‌ಸ್ಟಿಕ್‌ನ ಗುಣದ ಬಗ್ಗೆ ಅವುಗಳಲ್ಲಿ ಒಂದು ಮಾತೂ ಇಲ್ಲ. ಗಂಡನನ್ನು ಕೇಳದೆ ಕೂದಲಿಗೆ ಬಣ್ಣ ಹಾಕಿಸಿಕೊಳ್ಳುವಿರಾ ಎಂಬ ಧಾಟಿಯ, ಓದುಗಳ ಧೈರ್ಯವನ್ನು ಕೆಣಕುವ ಪ್ರಶ್ನೆಗಳವು. ಎಂಟಕ್ಕೆ 'ಹೌದು' ಎಂದರೆ ಈ ಬಣ್ಣ ನಿಮಗೇ!

ಯುದ್ಧಕಾಲದಲ್ಲಿ ಕಾರ್ಖಾನೆಗಳಲ್ಲಿ ದುಡಿದಿದ್ದ ಲಕ್ಷಾಂತರ ಅಮೆರಿಕನ್ ಹೆಂಗಸರನ್ನು ಶಾಂತಿ ಬಂದ ಮೇಲೆ ಮನೆಗೆ ಕಳಿಸಲಾಗಿತ್ತು. ಒಳ್ಳೆಯ ಗೃಹಿಣಿಯಾಗಿರು ಎಂಬುದೇ ಆ ಕಾಲದ ಉಪದೇಶ. ಅಂಥವಳಿಗೆ ನಿನ್ನೊಳಗೆ ಇನ್ನೊಬ್ಬಳಿದ್ದಾಳೆ ಎಂದು ಈ ಜಾಹೀರಾತು ಹೇಳಿತು. ಅದು ಬಿಡುಗಡೆಯೇ, ವಂಚನೆಯೇ? ಎರಡರ ಅಂಶವೂ ಇತ್ತೆನ್ನಬೇಕು. ಅವಳ ಅತೃಪ್ತಿಯನ್ನು ಗುರುತಿಸಿದ ಕೆಲವೇ ದನಿಗಳಲ್ಲಿ ಅದೂ ಒಂದು. ಆದರೆ ಪರಿಹಾರವೆಂದು ಅದು ಕೊಟ್ಟದ್ದು ಬೆರಳುದ್ದದ ಒಂದು ಕೊಳವೆಯನ್ನು. ಅದೂ ಮುಂದಿನ ಬಣ್ಣ ಬರುವವರೆಗೆ ಮಾತ್ರ. ಮರುವರ್ಷ 'ಚೆರ್ರೀಸ್ ಇನ್ ದ ಸ್ನೋ' ಬಂತು.

1955ರಲ್ಲಿ ರೆವ್ಲಾನ್ ಪ್ರಾಯೋಜಿಸಿದ ಟಿವಿಯ ರಸಪ್ರಶ್ನೆ ಕಾರ್ಯಕ್ರಮ ದೇಶವನ್ನೇ ಮರುಳುಮಾಡಿ ಮಾರಾಟವನ್ನು ಮೇಲಕ್ಕೆತ್ತಿತು. ಅಷ್ಟರಲ್ಲಿ ಬಿಷಪ್ ತಮ್ಮದೇ ಕಂಪನಿಯ ಹಿಡಿತ ಕಳೆದುಕೊಂಡಿದ್ದರು. ಹೆಚ್ಚಿನ ಶೇರು ಹೊಂದಿದ್ದ ಜಾಹೀರಾತುಗಾರ ಪಾಲುದಾರರೊಂದಿಗೆ ವ್ಯಾಜ್ಯವಾಗಿ 1954ರಲ್ಲಿ ಹೊರಬಂದರು. ಪೆಟ್ಟಿಗೆಗಳ ಮೇಲೆ ಅವರ ಹೆಸರಷ್ಟೇ ಉಳಿಯಿತು.

ಅದೇ ವರ್ಷ ಮುಂಬೈಯಲ್ಲಿ

'ಫೈರ್ ಅಂಡ್ ಐಸ್' ಬಂದ 1952ರಲ್ಲೇ ಭಾರತದಲ್ಲಿ 'ಲ್ಯಾಕ್ಮೆ' ಹುಟ್ಟಿತು. ಆಮದು ಪ್ರಸಾಧನಗಳಿಗಾಗಿ ವಿದೇಶಿ ವಿನಿಮಯ ಹರಿದುಹೋಗುವುದನ್ನು ತಡೆಯಲು ಟಾಟಾ ಸಂಸ್ಥೆ ಫ್ರೆಂಚ್ ಕಂಪನಿಗಳ ನೆರವಿನಿಂದ ಇದನ್ನು ಆರಂಭಿಸಿತು. 'ಲ್ಯಾಕ್ಮೆ' ಎಂದರೆ ಫ್ರೆಂಚರ ಬಾಯಲ್ಲಿ ನಮ್ಮ ಲಕ್ಷ್ಮಿಯೇ. ಡೆಲಿಬ್ 1883ರಲ್ಲಿ ರಂಗಕ್ಕೆ ತಂದ ಗೀತನಾಟಕದ ನಾಯಕಿಯ ಹೆಸರದು. 1961ರಲ್ಲಿ ಆಡಳಿತ ಮಂಡಳಿ ಸೇರಿದ, ಜಿನೀವಾದಲ್ಲಿ ಹುಟ್ಟಿದ ಸಿಮೋನ್ ಟಾಟಾ ಇದನ್ನು ಮನೆಮಾತಾಗಿಸಿದರು.

ನಮ್ಮಲ್ಲಿ ಎಲೆ ಕೆಂಪಾಗಿ ಉದುರುವ ಪಶ್ಚಿಮದ ಶರತ್ಕಾಲವಿಲ್ಲ. ಶರದೃತು ಎಂದರೆ ಮಳೆ ನಿಂತ ತಿಳಿ ಆಕಾಶ, ನವರಾತ್ರಿ. ಹಾಗಾಗಿ ಋತುವಿನ ಲೆಕ್ಕ ಇಲ್ಲಿ ಹಬ್ಬದ ಲೆಕ್ಕವಾಯಿತು. ಮುಂಬೈಯ ಲ್ಯಾಕ್ಮೆ ಫ್ಯಾಷನ್ ವೀಕ್ ವರ್ಷಕ್ಕೆರಡರ ಪಾಶ್ಚಾತ್ಯ ಕ್ರಮವನ್ನೇ ಅನುಸರಿಸಿದರೂ ಎರಡನೆಯದಕ್ಕೆ 'ವಿಂಟರ್-ಫೆಸ್ಟಿವ್' ಎಂಬ ಹೆಸರು ಬಂತು. ಶರತ್ಕಾಲ-ಚಳಿಗಾಲ ಇಲ್ಲಿ ಚಳಿಗಾಲ-ಹಬ್ಬವಾಗಿ ಅನುವಾದಗೊಂಡಿತು!

ಕಪ್ಪಿಗೆ ತಿರುಗಿದ ಕೆಂಪು

ಪ್ಯಾರಿಸ್‌ನ ಹೆಸರಾಂತ ಉಡುಪಿನ ಮನೆಗಳೂ ಈ ಪಾಠ ಕಲಿತವು. ಶನೆಲ್ 1924ರಿಂದಲೇ ಲಿಪ್‌ಸ್ಟಿಕ್ ಮಾರುತ್ತಿತ್ತು. 1953ರಲ್ಲಿ 'ರೂಜ್ ಡಿಯೋರ್' ಬಂತು. ಅವರ ಉಡುಪು ಕೊಳ್ಳಬಲ್ಲವರು ಬೆರಳೆಣಿಕೆಯಷ್ಟು ಜನ. ಅದೇ ಮುದ್ರೆಯಿರುವ ಲಿಪ್‌ಸ್ಟಿಕ್ ಗುಮಾಸ್ತೆಯೂ ಕೊಳ್ಳಬಲ್ಲದ್ದು.

1994ರ ಶರತ್ಕಾಲ-ಚಳಿಗಾಲದ ಪ್ರದರ್ಶನಕ್ಕೆ ಶನೆಲ್‌ನ ಪ್ರಸಾಧನ ಕಲಾವಿದರಾದ ಡೊಮಿನಿಕ್ ಮಾಂಕುರ್ಟ್ವಾ ಮತ್ತು ಹೈಡಿ ಮೊರಾವೆಟ್ಸ್ ರೂಪದರ್ಶಿಯರ ಉಗುರಿಗೆ ಕಪ್ಪೋ ಕೆಂಪೋ ಹೇಳಲಾಗದ ಬಣ್ಣ ಹಚ್ಚಿದರು. ಹೆಸರು 'ರೂಜ್ ನ್ವಾರ್', ಕಪ್ಪು ಕೆಂಪು. ಅಮೆರಿಕದಲ್ಲಿ ಅದು 'ವ್ಯಾಂಪ್' ಎನಿಸಿಕೊಂಡಿತು. ಅದೇ ವರ್ಷದ 'ಪಲ್ಪ್ ಫಿಕ್ಷನ್' ಚಿತ್ರದಲ್ಲಿ ಉಮಾ ಥರ್ಮನ್ ಉಗುರುಗಳ ಮೇಲೆ ಅದನ್ನು ಕಂಡ ಮೇಲಂತೂ ಅಂಗಡಿಗಳಲ್ಲಿ ಹೆಸರು ಬರೆಸಿ ಕಾಯುವವರ ಪಟ್ಟಿ ಬೆಳೆಯಿತು. ಋತುವಿಗೆಂದು ಹುಟ್ಟಿದ ಆ ಬಣ್ಣ ಋತು ಕಳೆದರೂ ಹೋಗಲಿಲ್ಲ. ಹಳತಾಗಲೆಂದೇ ಮಾಡಿದ್ದನ್ನು ಕೊಂಡವರು ಹಳತಾಗಲು ಬಿಡಲಿಲ್ಲ.

ಕೊನೆಗೆ ಗೆದ್ದವರು ಯಾರು? ರೆವ್‌ಸನ್ 1975ರಲ್ಲಿ ಭಾರಿ ಶ್ರೀಮಂತನಾಗಿ ತೀರಿಕೊಂಡ. ಅವನ ಕಂಪನಿ ಕೈ ಬದಲಾಯಿಸಿ, 2016ರಲ್ಲಿ ಹಳೆಯ ಪ್ರತಿಸ್ಪರ್ಧಿ ಎಲಿಜಬೆತ್ ಆರ್ಡೆನ್ ಸಂಸ್ಥೆಯನ್ನೇ ಕೊಂಡು, ಸಾಲದ ಹೊರೆಯಿಂದ 2022ರಲ್ಲಿ ದಿವಾಳಿ ರಕ್ಷಣೆ ಕೋರಿ, ಮರುವರ್ಷ ಅದರಿಂದ ಹೊರಬಂತು. ಬಿಷಪ್ ಶೇರು ದಲ್ಲಾಳಿಯಾದರು, ನಂತರ ನ್ಯೂಯಾರ್ಕ್‌ನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅಧ್ಯಾಪಕಿಯಾದರು. 1980ರಲ್ಲಿ ಅಲ್ಲಿ ಅವರಿಗೆ ದೊರೆತ ಪೀಠದ ಹೆಸರು ರೆವ್ಲಾನ್ ಪೀಠ! 1998ರಲ್ಲಿ ಅವರು ನಿಧನರಾದರು.

ಇವತ್ತು ಅಂಗಡಿಯ ಲಿಪ್‌ಸ್ಟಿಕ್‌ನಲ್ಲಿ ಇಬ್ಬರೂ ಇದ್ದಾರೆ. ದಿನವಿಡೀ ಅಳಿಸದು ಎಂಬ ಭರವಸೆ ಬಿಷಪ್ ಅವರದು. ಈ ಋತುವಿಗೆ ಹೊಸದು ಎಂಬ ಚೀಟಿ ರೆವ್‌ಸನ್‌ನದು. ಮೊದಲನೆಯದನ್ನು ಹಚ್ಚಿ ಪರೀಕ್ಷಿಸಬಹುದು. ಎರಡನೆಯದನ್ನು ನಂಬುವುದೋ ಬಿಡುವುದೋ, ಅದು ಮನೆಯ ಮೇಜಿನ ಮೇಲಿರುವ ಅರ್ಧ ಉಳಿದ ಕೊಳವೆಯನ್ನು ನೋಡಿ ಕೊಳ್ಳುವವಳೇ ತೀರ್ಮಾನಿಸಬೇಕಾದ ಮಾತು.