ಮಾಡಿನ ಹೆಂಚು ಮತ್ತು ಇಪ್ಪತ್ತೊಂದರ ಹುಡುಗ

ಮಳೆಗಾಲದ ಒಂದು ರಾತ್ರಿ. ಒಂಬತ್ತು ಗಂಟೆಯ ಡಿಬೇಟು. ವಿಷಯ ಮತಾಂತರ. ಆರು ಜನ ಅತಿಥಿಗಳು, ಆರೂ ಜನರ ಬಾಯಿ ಒಟ್ಟಿಗೆ ಓಪನ್. ಮಧ್ಯದಲ್ಲಿ ನಾನು. ಕಾವೇರಿದ ಹೊತ್ತಿನಲ್ಲಿ ನನ್ನ ಬಾಯಿಂದಲೂ ಒಂದು ಮಾತು ಬಂತು: "ಈ ಮಿಷನರಿಗಳು ನಮ್ಮ ನಾಡಿಗೆ ಕೊಟ್ಟದ್ದಾದರೂ ಏನು ಸ್ವಾಮಿ?" ಸ್ಟುಡಿಯೋದಲ್ಲಿ ಅದು ಚೆನ್ನಾಗಿ ಕೇಳಿಸಿತು. ಮಾರನೇ ದಿನ ಕ್ಲಿಪ್ಪು ಎಲ್ಲರ ಫೋನಲ್ಲೂ ಓಡಾಡಿತು.

ಬೆಳಿಗ್ಗೆ ಏಳಕ್ಕೇ ಹೊಸನಗರದಿಂದ ದೊಡ್ಡಪ್ಪನ ಫೋನು. ನಿವೃತ್ತ ಕನ್ನಡ ಮೇಷ್ಟ್ರು. ನನಗೆ ಅಕ್ಷರ ತಿದ್ದಿಸಿದವರು.

"ಎಂತ ಮಾರಾಯ, ನಿನ್ನೆ ಟೀವೀಲಿ ಅಷ್ಟೊಂದು ಕೂಗ್ತಿದ್ಯಲ್ಲ. ಮಿಷನರಿಗಳು ಎಂತ ಕೊಟ್ರು ಅಂತ ಕೇಳಿದ್ಯಲ್ಲ. ಒಂದ್ಸಲ ಊರಿಗೆ ಬಾ. ಮೇಲೆ ತಲೆಯೆತ್ತಿ ನೋಡು."

ಫೋನ್ ಇಟ್ಟುಬಿಟ್ಟರು.

ಮೇಲೆ ತಲೆಯೆತ್ತಿದರೆ ಏನು ಕಾಣುತ್ತೆ? ಹೋದೆ. ಜಗಲಿಯಲ್ಲಿ ಕೂತು ಮೇಲೆ ನೋಡಿದೆ. ಹೆಂಚು. ದೊಡ್ಡಪ್ಪ ಅಟ್ಟದಿಂದ ಒಂದು ಹಳೇ ಹೆಂಚು ಇಳಿಸಿ, ಪಂಚೆಯ ಅಂಚಿನಲ್ಲಿ ಧೂಳು ಒರೆಸಿ ಕೈಗಿಟ್ಟರು. ಬೆನ್ನ ಮೇಲೆ ಅಚ್ಚೊತ್ತಿದ ಅಕ್ಷರ: ಬಾಸೆಲ್ ಮಿಷನ್.

ನಮ್ಮ ಅಜ್ಜನ ಕಾಲದ ಮನೆ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ತೋಟ ಹೋಯ್ತು, ಗದ್ದೆ ಹೋಯ್ತು. ಅಜ್ಜ ಮನೆಯ ಹೆಂಚನ್ನು ಒಂದೊಂದಾಗಿ ಇಳಿಸಿ, ಗಾಡಿಗೆ ಹೇರಿ ಹೊಸ ಊರಿಗೆ ತಂದರಂತೆ. ದೇವರ ಪೆಟ್ಟಿಗೆ ಮುಂದಿನ ಗಾಡಿಯಲ್ಲಿ, ಪಾದ್ರಿಗಳ ಕಾರ್ಖಾನೆಯ ಹೆಂಚು ಹಿಂದಿನ ಗಾಡಿಯಲ್ಲಿ. ಯೋಚನೆ ಮಾಡಿ. ನಮ್ಮ ಮನೆಯ ಸತ್ಯನಾರಾಯಣ ಪೂಜೆ, ಗೌರಿ ಹಬ್ಬ, ಶ್ರಾದ್ಧ, ಎಲ್ಲವೂ ನಡೆದದ್ದು ಆ ಹೆಂಚಿನ ಕೆಳಗೆ!

ಸ್ಟುಡಿಯೋದಲ್ಲಿ ನಾನು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ಹೊರಟದ್ದು ಅಲ್ಲಿಂದ. ಹುಡುಕುತ್ತಾ ಹೋದರೆ ಸಿಕ್ಕವನು ಒಬ್ಬ ಹುಡುಗ.

ಇಸವಿ 1853. ಬೊಂಬಾಯಿ ಮತ್ತು ಠಾಣೆ ನಡುವೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ ವರ್ಷ. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಹದಿನಾರು ವರ್ಷ ಬಾಕಿ. ಆಗ ಧಾರವಾಡಕ್ಕೆ ಬಂದಿಳಿದ ಜರ್ಮನ್ ಯುವಕ ಫರ್ಡಿನೆಂಡ್ ಕಿಟೆಲ್. ವಯಸ್ಸು ಇಪ್ಪತ್ತೊಂದು. ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ತುದಿಯ ಈಸ್ಟ್ ಫ್ರೀಸ್‌ಲ್ಯಾಂಡ್‌ನಲ್ಲಿ. ಅಪ್ಪ ಪಾದ್ರಿ. ಮಗ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ಶಾಲೆಯಲ್ಲಿ ತರಬೇತಿ ಮುಗಿಸಿ ಸೀದಾ ಇಲ್ಲಿಗೆ.

ಇಪ್ಪತ್ತೊಂದು ಅಂದರೆ ಏನು ವಯಸ್ಸು ಹೇಳಿ? ನಮ್ಮ ಮನೆಯ ಮಕ್ಕಳು ಡಿಗ್ರಿ ಮುಗಿಸಿ, ಮುಂದೇನು ಅಂತ ಗೊತ್ತಿಲ್ಲದೆ ಮೊಬೈಲ್ ತಿರುವುತ್ತಿರುವ ವಯಸ್ಸು. ಆ ವಯಸ್ಸಲ್ಲಿ ಈತನಿಗೆ ಇಲ್ಲಿನ ಭಾಷೆ ಬಾರದು, ಊಟ ಹಿಡಿಸದು, ಬಿಸಿಲು ತಡೆಯದು. ಮನೆಗೆ ಕಾಗದ ಬರೆದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಬಂದ ಉದ್ದೇಶವೇನು? ಮುಚ್ಚುಮರೆ ಬೇಡ. ಮತಪ್ರಚಾರ. ನಮ್ಮನ್ನು ಕ್ರೈಸ್ತರನ್ನಾಗಿ ಮಾಡೋಕೇ ಬಂದದ್ದು.

ಅದೇ 1853ರ ಏಪ್ರಿಲ್‌ನಲ್ಲಿ ಇನ್ನೊಂದು ತಂಡ ಕಲ್ಕತ್ತೆಯಲ್ಲಿ ಇಳಿಯಿತು. ಅಮೆರಿಕದ ಮಾರ್ಮನ್ ಪಂಥದ ಪ್ರಚಾರಕರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಡಗು ಹತ್ತಿ, ಪೆಸಿಫಿಕ್ ಸಾಗರ ದಾಟಿ ಬಂದವರು. ನಂಬಿಕೆಯಲ್ಲಿ ಕಿಟೆಲ್‌ಗಿಂತ ಅವರೇನೂ ಕಡಿಮೆಯಲ್ಲ. ಆದರೆ ಅವರ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಹೆಚ್ಚಾಗಿ ಇಲ್ಲಿದ್ದ ಬಿಳಿಯರ ಜೊತೆ, ದಂಡಿನ ಸೋಲ್ಜರುಗಳ ಜೊತೆ. ಮೂರ್ನಾಲ್ಕು ವರ್ಷದಲ್ಲಿ ಬಹುತೇಕ ಎಲ್ಲರೂ ವಾಪಸ್. ಆ ಕಾಲದ ಅವರ ಪ್ರಯತ್ನದ ಗುರುತು ಇವತ್ತು ನಮ್ಮ ಜನರ ನೆನಪಲ್ಲಿ ಉಳಿದಿಲ್ಲ.

ಕಿಟೆಲ್ ಮಾಡಿದ್ದೇ ಬೇರೆ. ಆತ ಮೊದಲು ಬಾಯಿ ತೆರೆಯಲಿಲ್ಲ, ಕಿವಿ ತೆರೆದ. ಯೆಹೂದ್ಯರಿಗೆ ಯೆಹೂದ್ಯನಾಗು, ಗ್ರೀಕರಿಗೆ ಗ್ರೀಕನಾಗು ಅನ್ನುವುದು ಬೈಬಲಿನ ಸಂತ ಪೌಲನ ದಾರಿ. ಹಾಗಾದರೆ ಕನ್ನಡಿಗರಿಗೆ? ಕನ್ನಡಿಗನೇ ಆಗಬೇಕು! ಹುಡುಗ ಅದನ್ನು ಅಕ್ಷರಶಃ ಹಿಡಿದುಕೊಂಡ. ನಮ್ಮ ಭಾಷೆ, ನಮ್ಮ ಆಚಾರ, ನಮ್ಮ ಸಂಗೀತ ಕಲಿಯಲು ಕೂತ. ಹಳಗನ್ನಡಕ್ಕೆ ಇಳಿದ. ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ, ನಮ್ಮ ಧಾಟಿಯಲ್ಲಿ ಕಟ್ಟಿ 1862ರಲ್ಲಿ 'ಕಥಾಮಾಲೆ' ಅಂತ ಪ್ರಕಟಿಸಿದ. ಆಗ ಆತನಿಗೆ ಮೂವತ್ತು.

ಇದಕ್ಕೆ ಮಿಷನ್ನಿನವರು ಚಪ್ಪಾಳೆ ತಟ್ಟಿದರಾ? ಇಲ್ಲ. ಇಲ್ಲೇ ಇರೋದು ಸ್ವಾರಸ್ಯ. ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯವರು, ಈತ ಉತ್ತರದವನು. ಅವರಿಗಿಂತ ಹೆಚ್ಚು ಓದಿದವನು ಬೇರೆ. ಸಾಲದ್ದಕ್ಕೆ ಪಂಡಿತರ ಜೊತೆ ಕೂತು ವ್ಯಾಕರಣ ಓದುತ್ತಾನೆ. ಇವನು ಕಲಿಸಲು ಬಂದವನೋ ಕಲಿಯಲು ಬಂದವನೋ ಅನ್ನುವ ಅನುಮಾನ. ಆತನನ್ನು ಮೂಲೆಗೆ ತಳ್ಳಿದರು. ನೀಲಗಿರಿಯ ದೂರದ ಠಾಣ್ಯಕ್ಕೆ ಕಳಿಸಿದರು, ಆಮೇಲೆ ಮಂಗಳೂರಿನ ಪ್ರೆಸ್ಸಿನ ಕೆಲಸಕ್ಕೆ ಕೂರಿಸಿದರು. ನಮ್ಮ ಆಫೀಸುಗಳಲ್ಲಿ ಕೆಲಸ ಬಲ್ಲವನಿಗೆ ಟ್ರಾನ್ಸ್‌ಫರ್ ಕೊಡ್ತಾರಲ್ಲ, ಹಾಗೇ.

ಆ ಪ್ರೆಸ್ಸೇ ನಮ್ಮ ಪುಣ್ಯವಾಯಿತು ನೋಡಿ. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ' ಸಂಪಾದಿಸಿದ. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'. ನಡುವೆ ಜರ್ಮನಿಗೆ ಹೋದವನು ನಿಘಂಟು ಮುಗಿಸಲೆಂದೇ ಐವತ್ತು ದಾಟಿದ ಮೇಲೆ ಮತ್ತೆ ಬಂದ. 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದ, 1700ಕ್ಕೂ ಹೆಚ್ಚು ಪುಟ. ಪದ, ಅದರ ಅರ್ಥ, ಅದು ಬಂದ ಕಾವ್ಯ, ಜನರ ಬಾಯಲ್ಲಿ ಓಡಾಡುವ ಗಾದೆ, ಎಲ್ಲ ಒಂದೇ ಕಡೆ. ಸುವಾರ್ತೆ ಸಾರುವುದಕ್ಕೆ ಸಾಧನ ಅಂತ ಶುರುವಾದ ಕನ್ನಡವೇ ಕೊನೆಗೆ ಆತನ ಗುರಿಯಾಗಿಬಿಟ್ಟಿತ್ತು. ನಮ್ಮನ್ನು ಬದಲಾಯಿಸಲು ಬಂದವನನ್ನು ನಮ್ಮ ಭಾಷೆ ಬದಲಾಯಿಸಿತ್ತು.

ಇನ್ನೊಂದು ವಿಷಯ, ಇದು ನನ್ನ ಹೊಟ್ಟೆಪಾಡಿನದ್ದು. ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸ್ತೀವಲ್ಲ, ಯಾಕೆ ಗೊತ್ತಾ? 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. ತಂದವರು ಹರ್ಮನ್ ಮೊಗ್ಲಿಂಗ್. ಅದೇ ಬಾಸೆಲ್ ಮಿಷನ್ನಿನವರು. 1836ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೈದು. ಅಂದರೆ ನಾನು ಯಾವ ಕಸುಬಿನ ಕುರ್ಚಿಯಲ್ಲಿ ಕೂತು ಮಿಷನರಿಗಳು ಏನು ಕೊಟ್ಟರು ಅಂತ ಕೂಗಿದೆನೋ, ಕನ್ನಡದಲ್ಲಿ ಆ ಕಸುಬು ಶುರು ಮಾಡಿದವರೇ ಒಬ್ಬ ಮಿಷನರಿ. ಇದಕ್ಕಿಂತ ಕಪಾಳಮೋಕ್ಷ ಬೇಕಾ?

ಹಾಗಂತ ಇವರನ್ನೆಲ್ಲ ಹಾರ ಹಾಕಿ ದೇವರ ಪಟದ ಪಕ್ಕ ಇಡಿ ಅಂತ ನಾನು ಹೇಳ್ತಿಲ್ಲ. ಇನ್ನೊಂದು ಮುಖವನ್ನೂ ನೋಡಬೇಕು. ಅವರು ಬಂದದ್ದು ಕಂಪನಿ ಸರ್ಕಾರದ ನೆರಳಲ್ಲಿ. ನಮ್ಮ ದೇವರುಗಳನ್ನು ಹಳಿಯುವ ಕರಪತ್ರಗಳನ್ನು ಮಿಷನರಿಗಳು ಹಂಚಿದ್ದೂ ನಿಜ. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರೇ ಅಲ್ಲೋಲಕಲ್ಲೋಲ. ಆತ ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಬಂದ. ಆದರೆ ಬಿಟ್ಟು ಹೋದ ಮನೆಯ ಸಂಕಟವನ್ನು ಯಾವ ನಿಘಂಟೂ ತುಂಬಿಕೊಡಲ್ಲ. ಮತ ಬದಲಾದವರು ಜಾತಿಯಿಂದ ಹೊರಗೆ, ಗೇಣಿ ಗದ್ದೆಯಿಂದ ಹೊರಗೆ, ಕಸುಬಿನಿಂದಲೂ ಹೊರಗೆ. ಅವರ ಹೊಟ್ಟೆಗೊಂದು ದಾರಿ ಬೇಕಿತ್ತು. ಮಿಷನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಸೋಗೆ, ಹುಲ್ಲು, ನಾಡಹೆಂಚಿನ ಮಾಡುಗಳ ಮಲೆನಾಡಿಗೆ ಆ ಹೆಂಚು ಘಟ್ಟ ಹತ್ತಿ ಬಂತು. ದೊಡ್ಡಪ್ಪ ಕೈಗಿಟ್ಟ ಹೆಂಚಿನ ಹಿಂದೆ ನಮ್ಮ ಸಮಾಜ ಹೊರಗೆ ಹಾಕಿದ ಜನರ ಬೆವರೂ ಇದೆ ಅಂತ ನನಗೆ ಅನ್ನಿಸಿದ್ದು ಆಗಲೇ.

ನಮ್ಮ ಹೊಸನಗರಕ್ಕೆ ಇದು ಹೊಸ ಕಥೆಯೂ ಅಲ್ಲ. ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಗಿ ಕೋಟೆ ನೋಡಿ. ಹಿಂದಿನ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿ ಆದಮೇಲೆ ಇಲ್ಲಿಗೆ ಬಂದರು. 1672ರಿಂದ 1697ರವರೆಗೆ ಆಳಿದವಳು ರಾಣಿ ಚೆನ್ನಮ್ಮಾಜಿ. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು. ಆಕೆಯ ಆಳ್ವಿಕೆಯಲ್ಲೇ, 1681ರಲ್ಲಿ, ಗೋವಾದ ಮೂವತ್ತರ ಪಾದ್ರಿ ಜೋಸೆಫ್ ವಾಜ್ ಕರಾವಳಿಗೆ ಬಂದು ಮೂರು ವರ್ಷ ಓಡಾಡಿದ. ಅಲ್ಲಿ ಎರಡು ಚರ್ಚ್ ಅಧಿಕಾರಗಳ ನಡುವೆಯೇ ಜಗಳ ಹತ್ತಿತ್ತು, ಅದನ್ನು ಸಮಾಧಾನ ಮಾಡುವ ಕೆಲಸ ಆತನ ತಲೆಗೆ. ಮುಂದೆ ಸಿಂಹಳಕ್ಕೆ ಹೋದ, ಅಲ್ಲೇ 1711ರಲ್ಲಿ ಸತ್ತ. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಆತನನ್ನು ಸಂತ ಅಂತ ಘೋಷಿಸಿದರು. ಶಿವಭಕ್ತೆ ರಾಣಿಯ ಸೀಮೆಯಲ್ಲಿ ಕ್ರೈಸ್ತ ರೈತರು ಭತ್ತ ಬೆಳೆದರು. ಆಕೆಯ ರಾಜ್ಯವೇನೂ ಅದರಿಂದ ಮುಳುಗಲಿಲ್ಲ.

ಇನ್ನು ತೀರ್ಥಹಳ್ಳಿ. ಅಲ್ಲಿ ಪಾದ್ರಿಯ ಕಥೆ ಹೇಳಿದವರು ಸಾಕ್ಷಾತ್ ಕುವೆಂಪು. 1967ರ 'ಮಲೆಗಳಲ್ಲಿ ಮದುಮಗಳು' ಓದಿದ್ದೀರಲ್ಲ? ಪಾದ್ರಿ ಜೀವರತ್ನಯ್ಯ ಬರ್ತಾನೆ, ಜೊತೆಗೆ ಸೈಕಲ್ಲು ಬರುತ್ತೆ. ಅದನ್ನು ಜನ ಬಾಯಿಗೆ ಬಂದಂತೆ 'ಬೀಸೆಕಲ್ಲು' ಅಂತಾರೆ. ಬೆಟ್ಟಳ್ಳಿ ದೇವಯ್ಯ ಪಾದ್ರಿಯ ಕಡೆಗೆ ವಾಲುತ್ತಾನೆ. ಕುವೆಂಪು ಪಾದ್ರಿಯನ್ನು ರಾಕ್ಷಸನೂ ಮಾಡಲಿಲ್ಲ, ದೇವದೂತನೂ ಮಾಡಲಿಲ್ಲ. ಅವನ ಲೆಕ್ಕಾಚಾರವೂ ಕಾಣುತ್ತೆ, ಅವನು ತಂದ ಹೊಸ ಗಾಳಿಯೂ ಕಾಣುತ್ತೆ. ದೇವಯ್ಯನಂಥವನು ಆ ಕಡೆ ಯಾಕೆ ನೋಡಿದ ಅನ್ನೋದೂ ಕಾಣುತ್ತೆ. ನಮ್ಮ ಮನೆಯೊಳಗೇ ಉಸಿರುಕಟ್ಟುವ ಜಾಗ ಇತ್ತು, ಅದಕ್ಕೆ!

ಅದೇ ಕಾದಂಬರಿಯಲ್ಲಿ ಇನ್ನೊಬ್ಬ ಯುವಕನ ಹೆಸರು ಬರುತ್ತೆ. 1893, ಷಿಕಾಗೋ. ಸ್ವಾಮಿ ವಿವೇಕಾನಂದ. ವಯಸ್ಸು ಮೂವತ್ತು. ಪರದೇಶ, ಜೇಬಲ್ಲಿ ಕಾಸಿಲ್ಲ, ಚಳಿಗೆ ಸರಿಯಾದ ಬಟ್ಟೆಯಿಲ್ಲ, ಪರಿಚಯದವರಿಲ್ಲ. ಆದರೂ ತನ್ನ ನಂಬಿಕೆಯನ್ನು ಗೊತ್ತಿಲ್ಲದ ಜನರ ಮುಂದೆ ಇಟ್ಟು ಬಂದರು. ಅದನ್ನು ಹೇಳುವಾಗ ನಮ್ಮ ಎದೆ ಉಬ್ಬುತ್ತೆ. ಉಬ್ಬಬೇಕು. ಹಾಗಾದರೆ ಪ್ರಶ್ನೆ ಇಷ್ಟೇ: ನಮ್ಮವರು ಅಲ್ಲಿ ಹೋಗಿ ಹೇಳಿದರೆ ಹೆಮ್ಮೆ, ಅಲ್ಲಿಯವರು ಇಲ್ಲಿ ಬಂದು ಹೇಳಿದರೆ ಕೇವಲ ಮೋಸ, ಹೀಗಂತ ಎರಡು ತಕ್ಕಡಿ ಇಟ್ಟುಕೊಳ್ಳೋದು ನ್ಯಾಯವಾ?

ಮೋಸ ಇದ್ದರೆ ಮೋಸ ಅನ್ನೋಣ. ಅಕ್ಕಿ ಮೂಟೆ ತೋರಿಸಿ, ಕಾಯಿಲೆ ಹೆದರಿಕೆ ಹುಟ್ಟಿಸಿ ಒಬ್ಬನ ನಂಬಿಕೆ ಕೊಳ್ಳೋದು ತಪ್ಪು, ಅದನ್ನು ಯಾರೇ ಮಾಡಲಿ. ಇದಕ್ಕಾಗಿ ನಮ್ಮ ರಾಜ್ಯದಲ್ಲಿ 2022ರಲ್ಲಿ ಕಾಯ್ದೆ ಬಂತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದನ್ನು ವಾಪಸ್ ಪಡೆಯಲು ಸಂಪುಟ ತೀರ್ಮಾನಿಸಿತು. ಸಂವಿಧಾನದ 25ನೇ ವಿಧಿ ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತೆ, ಅದಕ್ಕೆ ಮಿತಿಗಳನ್ನೂ ಹಾಕುತ್ತೆ. ಚರ್ಚೆ ಮಾಡೋಣ, ಜೋರಾಗೇ ಮಾಡೋಣ. ಆದರೆ ಇತಿಹಾಸ ಓದದೆ ಮಾಡಬಾರದು. ನಾನು ಆ ರಾತ್ರಿ ಮಾಡಿದ ತಪ್ಪು ಅದೇ.

ಕಿಟೆಲ್ 1903ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಆತ ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದ ಅಂತ ಇವತ್ತು ಯಾರೂ ಕೇಳಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ನಿಂತಿರೋದು ಪಾದ್ರಿ ಅಂತ ಅಲ್ಲ, ನಿಘಂಟಿನ ಕಿಟೆಲ್ ಅಂತ. ಇವತ್ತು ನಮ್ಮ ಮಲೆನಾಡಿನ ಮಕ್ಕಳು ಜರ್ಮನಿಗೆ ಓದೋಕೆ ಹೋಗ್ತಾರೆ, ವೀಸಾಕ್ಕೆ ಬೇಕಾದಷ್ಟು ಜರ್ಮನ್ ಕಲೀತಾರೆ. ಒಳ್ಳೇದು. ಆದರೆ ಇಲ್ಲೇ ಇರುವ ನಾವು? ತೋಟದ ಪದ, ಗದ್ದೆಯ ಪದ, ಅಡಿಗೆಮನೆಯ ಪದ ಒಂದೊಂದೇ ಕಳ್ಕೊಳ್ತಾ ಇದ್ದೀವಿ. ನಾಡಿನ ರಕ್ಷಣೆ ಅಂತ ಟೀವೀಲಿ ಕೂಗ್ತೀವಿ, ಮನೆಯಲ್ಲಿ ಮಗುವಿಗೆ ಕನ್ನಡ ಅಕ್ಷರ ಹೇಳಿಕೊಡಲು ಪುರುಸೊತ್ತಿಲ್ಲ.

ಹೊರಡುವ ಹೊತ್ತಿಗೆ ಮಳೆ ಜಡಿಯುತ್ತಿತ್ತು. ದೊಡ್ಡಪ್ಪನನ್ನು ಕೇಳಿದೆ: "ಈ ಹೆಂಚು ಇನ್ನೂ ಯಾಕೆ ಇಟ್ಕೊಂಡಿದ್ದೀರಿ? ಶೀಟು ಹಾಕಿಸಬಹುದಲ್ಲ?"

"ಸೋರಲ್ಲ ಮಾರಾಯ," ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಮುಂದಿನ ಸಲ ಟೀವೀಲಿ ಕೇಳುವ ಮೊದ್ಲು ನಂಗೊಂದು ಫೋನ್ ಮಾಡು" ಅಂದರು.

ಈಗ ಮಾಡ್ತೀನಿ.